ಗುಡುಗು, ಪಟಾಕಿ ಮತ್ತು ಮನೆಯ ಮೂಕಪ್ರಾಣಿ

ಮುಂಬಯಿ ಮಹಾನಗರದಲ್ಲಿ ಮಳೆಗಾಲದ ಆಗಮನವನ್ನು ಸಾರುವುದೂ ಗುಡುಗು, ಅದರ ನಿರ್ಗಮನವನ್ನು ಸಾರುವುದೂ ಗುಡುಗು. ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ಒಮ್ಮೆ, ಮಳೆ ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ ಮತ್ತೊಮ್ಮೆ ಸಿಡಿಲಿನ ಅಬ್ಬರ ಹೆಚ್ಚು. ನಡುವೆ ದಹಿಹಂಡಿ, ಗಣೇಶ ವಿಸರ್ಜನೆಯ ಮೆರವಣಿಗೆಗಳು. ಅನಂತರ ದೀಪಾವಳಿ, ಮದುವೆಯ ಋತು, ಹೊಸ ವರ್ಷದ ನಡುರಾತ್ರಿ. ನಮಗೆ ಸಂಭ್ರಮವಾದ ಈ ಸದ್ದುಗಳು ನಾಯಿ ಸಾಕಿರುವ ಅನೇಕ ಮನೆಗಳಲ್ಲಿ ಆತಂಕದ ದಿನಗಳನ್ನು ತರುತ್ತವೆ.

ಸುಮಾರು ಹದಿನೈದು ವರ್ಷಗಳ ಹಿಂದೆ ಡೊಂಬಿವಲಿಯ ನಮ್ಮ ಮನೆಯಲ್ಲಿ ರಾಜು ಎಂಬ ನಾಯಿಯಿತ್ತು. ಪಟಾಕಿ ಸಿಡಿದೊಡನೆ ಅದು ನಡುಗುತ್ತ ನಮ್ಮ ಕಾಲಿಗೆ ಬಂದು ಒರಗುತ್ತಿತ್ತು. "ಸಂತೈಸಿದರೆ ಅದರ ಹೆದರಿಕೆ ಇನ್ನೂ ಹೆಚ್ಚುತ್ತದೆ, ಗಮನಿಸಬೇಡಿ" ಎಂದು ಬಲ್ಲವರೊಬ್ಬರು ಹೇಳಿದ್ದರು. ನಾವು ಅದನ್ನು ನಂಬಿ ಲಕ್ಷ್ಮೀಪೂಜೆಯ ಸಂಜೆ ರಾಜುವನ್ನು ಗದರಿಸಿ ಮೂಲೆಗೆ ಕಳುಹಿಸಿದೆವು. ಸಿಹಿತಿಂಡಿಯ ತಟ್ಟೆ ಹಿಡಿದು ಬಂದ ನೆರೆಯವರಿಗೆ ಬಾಗಿಲು ತೆರೆದ ಕ್ಷಣದಲ್ಲಿ ಕೆಳಗೆ ದೊಡ್ಡ ಸರಪಟಾಕಿ ಹತ್ತಿಕೊಂಡಿತು. ರಾಜು ಮೆಟ್ಟಿಲಿಳಿದು ಓಡಿತು. ಒಂದು ವಾರ ಹುಡುಕಿದರೂ ಸಿಗಲಿಲ್ಲ. ಅದರ ಕೊರಳಪಟ್ಟಿಯಲ್ಲಿ ನಮ್ಮ ದೂರವಾಣಿ ಸಂಖ್ಯೆಯೂ ಇರಲಿಲ್ಲ. ಇಂದಿಗೂ ದೀಪಾವಳಿ ಬಂದಾಗ ಮನೆಯಲ್ಲಿ ಆ ಮಾತು ಏಳುತ್ತದೆ. ಈಗ ನಮ್ಮಲ್ಲಿರುವ ಮೋತಿಯ ವಿಷಯದಲ್ಲಿ ಆ ತಪ್ಪು ಮರುಕಳಿಸಬಾರದೆಂದು ಓದಿ, ಪಶುವೈದ್ಯರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲಿಗೆ ಈ ಭಯದ ಸ್ವರೂಪವನ್ನು ಅರಿಯಬೇಕು. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸಿದರೆ, ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಸದ್ದು ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ ಎಂಬುದು ಅದಕ್ಕೆ ತಿಳಿಯದು. ತಪ್ಪಿಸಿಕೊಳ್ಳಲು ಫ್ಲ್ಯಾಟಿನಲ್ಲಿ ದಾರಿಯೂ ಇಲ್ಲ. ಏದುಸಿರು, ಜೊಲ್ಲು, ನಡುಕ, ಬಾಗಿಲು ಕೆರೆಯುವುದು, ಊಟ ಬಿಡುವುದು, ಮನೆಯೊಳಗೆ ಮೂತ್ರ ಮಾಡುವುದು ಇವೆಲ್ಲ ಭಯದ ಲಕ್ಷಣಗಳೇ ಹೊರತು ಹಠವಲ್ಲ. ಶಿಕ್ಷೆಯಿಂದ ಇವು ಹೋಗುವುದಿಲ್ಲ, ಹೆಚ್ಚಾಗುತ್ತವೆ. "ವರ್ಷಗಳು ಕಳೆದಂತೆ ತಾನಾಗಿ ಅಭ್ಯಾಸವಾಗುತ್ತದೆ" ಎಂಬ ನಂಬಿಕೆಯೂ ಸರಿಯಲ್ಲ. ಎಷ್ಟೋ ನಾಯಿಗಳಲ್ಲಿ ಭಯ ಬಲಿಯುತ್ತ ಹೋಗಿ, ಕೊನೆಗೆ ಕುಕ್ಕರಿನ ಸೀಟಿಗೂ ಬೆಚ್ಚುವ ಸ್ಥಿತಿ ಬರುತ್ತದೆ. ಅದುವರೆಗೆ ಹೆದರದ ವಯಸ್ಸಾದ ನಾಯಿ ಹಠಾತ್ತನೆ ಹೆದರತೊಡಗಿದರೆ ಕೀಲುನೋವಿನಂಥ ಮರೆಯ ಬಾಧೆಯಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಇನ್ನು ಸಂತೈಸುವ ಪ್ರಶ್ನೆ. ಭಯ ಒಂದು ಭಾವನೆ. ಅದು ನಾಯಿ ಬೇಕೆಂದು ಮಾಡುವ ಚೇಷ್ಟೆಯಲ್ಲ. ಆದ್ದರಿಂದ ಬಳಿಗೆ ಬಂದ ನಾಯಿಯನ್ನು ಮೃದುವಾಗಿ ಸವರುವುದರಿಂದ, ತಿಂಡಿ ಕೊಡುವುದರಿಂದ ಭಯಕ್ಕೆ ಬಹುಮಾನ ಕೊಟ್ಟಂತಾಗುವುದಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಅವರು 1,225 ಮಂದಿ ನಾಯಿ ಸಾಕುವವರಿಂದ ಮಾಹಿತಿ ಸಂಗ್ರಹಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಪ್ರತಿ ಸಿಡಿತದ ಬೆನ್ನಿಗೇ ನಾಯಿಗೆ ಇಷ್ಟವಾದ ತಿನಿಸು ಅಥವಾ ಆಟ ಒದಗಿಸಿದವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿ ಪ್ರಯೋಜನವಾಯಿತೆಂದು ತಿಳಿಸಿದ್ದರು. ಶಾಂತವಾಗಿರುವ ತರಬೇತಿ ಹಾಗೂ ವೈದ್ಯರು ಬರೆದುಕೊಟ್ಟ ಔಷಧಿಗಳಿಗೆ ಶೇಕಡಾ 69ರಷ್ಟು ಮಂದಿ ಒಳ್ಳೆಯ ಮಾತು ಹೇಳಿದ್ದರು. ಮೈಗೆ ಬಿಗಿಯಾಗಿ ತೊಡಿಸುವ ಅಂಗಿಗೆ ಶೇಕಡಾ 44 ಮಂದಿ ಮಾತ್ರ. ಗಿಡಮೂಲಿಕೆ ಮೊದಲಾದವು ಇನ್ನೂ ಹಿಂದೆ ಉಳಿದವು.

ನಮ್ಮ ಮನೆಯಲ್ಲಿ ಅನುಸರಿಸುವ ಕ್ರಮ ಹೀಗಿದೆ. ಸದ್ದು ಕೇಳಿದ ಕೂಡಲೇ ಮೋತಿಯ ಮುಂದೆ ಒಂದು ಚೂರು ಪನೀರ್ ಅಥವಾ ಬೇಯಿಸಿದ ಮೊಟ್ಟೆ. ಅದು ನಡುಗುತ್ತಿದ್ದರೂ ಕೊಡುತ್ತೇವೆ. ಆದರೆ ಸದ್ದು ಮೊದಲು, ತಿನಿಸು ಅನಂತರ. ಈ ಅನುಕ್ರಮ ತಪ್ಪಬಾರದು. ತಿಂಡಿಯೇ ಮೊದಲು ಬಂದರೆ, ಹಿಂದೆಯೇ ಭಯಂಕರ ಸದ್ದು ಬರುತ್ತದೆಂಬ ಸೂಚನೆ ಅದಾಗಿಬಿಡಬಹುದು. ಕಿಟಕಿ ಕಡಿಮೆಯಿರುವ ಒಳಕೋಣೆಯಲ್ಲಿ, ಮಂಚದ ಕೆಳಗೆ ಹಳೆಯ ಚಾದರ ಹಾಸಿ ಅದಕ್ಕೊಂದು ಅಡಗುತಾಣ ಮಾಡಿದ್ದೇವೆ. ಅಲ್ಲಿಂದ ಯಾರೂ ಅದನ್ನು ಎಳೆಯುವುದಿಲ್ಲ. ಪರದೆ ಎಳೆದು, ಫ್ಯಾನ್ ಮತ್ತು ಟಿ.ವಿ. ಹಾಕುತ್ತೇವೆ. ಕತ್ತಲಾಗುವ ಮುನ್ನವೇ ಅದನ್ನು ಹೊರಗೆ ಸುತ್ತಾಡಿಸಿ ಊಟ ಮುಗಿಸುತ್ತೇವೆ. ಬಾಗಿಲು ತೆರೆಯುವ ಮೊದಲು ಒಳಕೋಣೆಯ ಕದ ಮುಚ್ಚುತ್ತೇವೆ. ಕೊರಳಪಟ್ಟಿಯ ಮೇಲೆ ಎರಡು ಮೊಬೈಲ್ ಸಂಖ್ಯೆಗಳಿವೆ.

ಹಬ್ಬಕ್ಕೆ ಕೆಲವು ವಾರಗಳ ಮೊದಲೇ ಪಟಾಕಿಯ ಧ್ವನಿಮುದ್ರಣವನ್ನು ಅತಿ ಸಣ್ಣ ಸದ್ದಿನಲ್ಲಿ ಕೇಳಿಸಿ ತಿನಿಸು ಕೊಡುತ್ತ, ದಿನೇ ದಿನೇ ಸದ್ದನ್ನು ಸ್ವಲ್ಪವೇ ಏರಿಸುವ ಅಭ್ಯಾಸವೂ ಉಪಯುಕ್ತ. ನಾಯಿ ಕಿವಿ ಹಿಂದಕ್ಕೆ ಮಾಡಿ ಕಳವಳಗೊಂಡರೆ ಹಿಂದಿನ ಮಟ್ಟಕ್ಕೆ ಮರಳಬೇಕು. ಗುಡುಗಿನ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ. ಮಿಂಚು, ಗಾಳಿ, ಮಳೆಯ ಸದ್ದು ಒಂದಾಗಿ ಬರುವ ಅನುಭವವನ್ನು ಧ್ವನಿಮುದ್ರಣ ಪೂರ್ತಿ ಕೊಡಲಾರದು. ಹೀಗಾಗಿ ಮೋಡ ಕವಿಯುತ್ತಲೇ ಪರದೆ ಎಳೆದು ಜೊತೆಯಲ್ಲಿ ಕೂರುವುದೇ ಮುಖ್ಯ.

ಭಯ ತೀವ್ರವಾಗಿದ್ದರೆ ಔಷಧಿಯ ಅವಶ್ಯಕತೆ ಬೀಳಬಹುದು. ಅದಕ್ಕೆ ದೀಪಾವಳಿಯ ಹಿಂದಿನ ದಿನ ಓಡುವುದಲ್ಲ, ಗಣೇಶ ಚತುರ್ಥಿಗೂ ಮೊದಲೇ ಪಶುವೈದ್ಯರನ್ನು ಕಾಣಬೇಕು. ಪರೇಲ್‌ನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದ ಈ ನಗರದ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದೆ. 1886ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜೂ ಅಲ್ಲಿಯೇ ಇದೆ. ಉಪನಗರಗಳಲ್ಲಿಯೂ ಇಂದು ಖಾಸಗಿ ಪಶುವೈದ್ಯರಿದ್ದಾರೆ. ಒಂದು ಎಚ್ಚರಿಕೆ: ಹಿಂದೆ ಬಳಕೆಯಲ್ಲಿದ್ದ ಅಸೆಪ್ರೊಮಜೀನ್ ಎಂಬ ಔಷಧಿ ದೇಹವನ್ನು ಜಡಗೊಳಿಸುತ್ತದೆಯೇ ಹೊರತು ಭಯವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಭಯವನ್ನೇ ತಗ್ಗಿಸುವ ಔಷಧಿಗಳು ಈಗ ಇವೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಮನೆಯ ಹಿರಿಯರ ನಿದ್ರೆಮಾತ್ರೆಯ ತುಂಡನ್ನು ನಾಯಿಗೆ ತಿನ್ನಿಸುವ ಸಾಹಸ ಸರ್ವಥಾ ಸಲ್ಲದು.

ನಮ್ಮ ಕಟ್ಟಡದ ಗೇಟಿನ ಬಳಿ ಮಲಗುವ ಬೀದಿನಾಯಿಗಳಿಗೂ ಇದೇ ಕಿವಿಗಳಿವೆ. ಗಾಬರಿಯಿಂದ ಓಡಿದ ನಾಯಿ ವಾಹನಕ್ಕೆ ಸಿಲುಕಬಹುದು, ಇಲ್ಲವೇ ಬೇರೆ ಗಲ್ಲಿಯ ನಾಯಿಗಳ ಕಚ್ಚಾಟಕ್ಕೆ ಸಿಗಬಹುದು. ಆ ಕೆಲವು ರಾತ್ರಿ ಅವು ಮೆಟ್ಟಿಲ ಕೆಳಗೆ ಮಲಗಲು ವಾಚ್‌ಮನ್ ಬಿಟ್ಟರೆ ಸಾಕು. ಅವುಗಳ ಬಾಲಕ್ಕೆ ಪಟಾಕಿ ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೆಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು. ಪಟಾಕಿಗೆ ಸಮಯದ ಮಿತಿಯನ್ನೂ ನ್ಯಾಯಾಲಯಗಳು ವಿಧಿಸಿವೆ. 2018ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆಯ ಅವಧಿಯನ್ನು ಗೊತ್ತುಪಡಿಸಿತು. 2023ರ ನವೆಂಬರ್‌ನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವೂ ಅದೇ ಎರಡು ಗಂಟೆಯ ಮಿತಿಯನ್ನು ಹೇಳಿತು. ಸೊಸೈಟಿಯ ಸೂಚನಾಫಲಕದಲ್ಲಿ ಒಂದು ಸಮಯವನ್ನೂ ಜಾಗವನ್ನೂ ನಿಗದಿಗೊಳಿಸಿ ಬರೆದು ಹಾಕಿದರೆ ಶಿಶುಗಳಿಗೂ, ವೃದ್ಧರಿಗೂ, ಪ್ರಾಣಿಗಳಿಗೂ ಅನುಕೂಲ. ಸದ್ದು ಯಾವಾಗ ಎಂದು ಗೊತ್ತಿದ್ದರೆ ನಾವೂ ಸಿದ್ಧರಾಗಿರಬಹುದು.

ತನ್ನ ಜೊತೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಪ್ಪದ ಧರ್ಮರಾಯನ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದವರು. ನಮ್ಮಿಂದ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಬೇಡುತ್ತಿಲ್ಲ. ಹಬ್ಬದ ಸಂಜೆ ಎರಡು ಗಂಟೆ ಮನೆಯವರಲ್ಲಿ ಒಬ್ಬರು ನಾಯಿಯ ಪಕ್ಕದಲ್ಲಿ ಕುಳಿತರೆ ಸಾಕು. ರಾಜು ನಮ್ಮ ಕಾಲಿಗೆ ಬಂದು ಒರಗಿದಾಗ ಕೇಳಿದ್ದೂ ಅದನ್ನೇ.