ಕೆರೂರಿನ ಕಲ್ಲು, ಕ್ಯಾಂಪಸ್ಸಿನ ಬಾಟಲಿ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೊರಟ ಬಸ್ಸು ನವಲಗುಂದ, ನರಗುಂದ ದಾಟಿ, ಕೊಣ್ಣೂರಿನ ಹತ್ತಿರ ಮಲಪ್ರಭೆಯನ್ನು ಹಾಯ್ದು, ಕುಳಗೇರಿ ಕ್ರಾಸಿಗೆ ಬರುವ ಹೊತ್ತಿಗೆ ಕಿಟಕಿಯಾಚೆಯ ನೆಲ ಬಣ್ಣ ಬದಲಿಸತೊಡಗುತ್ತದೆ. ಅಲ್ಲಿತನಕ ಕಣ್ಣು ಹಾಯುವಷ್ಟೂ ಎರಿ. ಕಡಲೆ, ಬಿಳಿಜೋಳ, ಕುಸುಬೆಯ ಕಪ್ಪು ಬಯಲು. ಆಮೇಲೆ ಅಲ್ಲಲ್ಲಿ ಮಸಾರಿ ಇಣುಕುತ್ತದೆ, ಬದುವಿನ ಕಲ್ಲು ಕೆಂಪಾಗುತ್ತದೆ, ದೂರದಲ್ಲಿ ಚಪ್ಪಟೆ ನೆತ್ತಿಯ ಗುಡ್ಡಗಳು ಏಳುತ್ತವೆ. ಮುಂದಿನ ದೊಡ್ಡ ಊರು ಕೆರೂರ. ಹಳೆಯ ಕೋಟೆಯ ಊರು, ನೇಕಾರರ ಊರು, ಬಾದಾಮಿಗೆ ಹೋಗುವವರು ಬಸ್ ಬದಲಿಸುವ ಊರು.

ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ ತಿನ್ನುತ್ತ ನಿಂತವರಿಗೆ ಗೊತ್ತಿರಲಿಕ್ಕಿಲ್ಲ, ಭೂವಿಜ್ಞಾನಿಗಳ ಪುಸ್ತಕದಲ್ಲಿ ಕೆರೂರ ಎಂದರೆ ಊರಲ್ಲ, ಕಲ್ಲಿನ ಪದರ. ಒಂದು ಕಾಲಕ್ಕೆ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರು ಹೊತ್ತ ಶಿಲಾಪ್ರದೇಶವೊಂದಿದೆ. ಅದರ ಮೇಲುಭಾಗಕ್ಕೆ ಬಾದಾಮಿ ಗ್ರೂಪ್ ಎನ್ನುತ್ತಾರೆ. ಬಾದಾಮಿ ಗ್ರೂಪಿನ ಕೆಳಗಿನ ಅರ್ಧಕ್ಕೆ 'ಕೆರೂರ ಫಾರ್ಮೇಶನ್', ಮೇಲಿನ ಅರ್ಧಕ್ಕೆ 'ಕಟಗೇರಿ ಫಾರ್ಮೇಶನ್'. ಅದರೊಳಗಿನ ಸಣ್ಣ ಪದರಗಳಿಗೂ ಈ ಸೀಮೆಯ ಹಳ್ಳಿಗಳದೇ ಹೆಸರು: ಕೆಂದೂರ, ಹಲಗೇರಿ, ಹಲಕುರ್ಕಿ. ಒಂದನೆಯ ಕೀರ್ತಿವರ್ಮನ ಕಾಲದಲ್ಲಿ, 578ರಲ್ಲಿ, ಬಾದಾಮಿಯ ಮೂರನೆಯ ಗುಹೆ ಕಡೆದವರು ಉಳಿ ಇಟ್ಟಿದ್ದು ಇದೇ ಕೆರೂರ ಫಾರ್ಮೇಶನ್ನಿನ ಮರಳುಗಲ್ಲಿಗೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ ಈ ಸೀಮೆಯನ್ನೆಲ್ಲ ತಿರುಗಿ ಕಲ್ಲುಗಳ ಲೆಕ್ಕ ಬರೆದು 1876ರಲ್ಲಿ ಅಚ್ಚು ಹಾಕಿಸಿದ. ಅವನ ನಂತರ ಬಂದವರು ಪದರ ಬಿಡಿಸಿ ಬಿಡಿಸಿ ಹೆಸರಿಟ್ಟರು.

ಕಲ್ಲು ಓದುವವರು ಹೀಗೆ ಬಂದು ಊರಿನ ಹೆಸರು ಒಯ್ದರು. ನೀರು, ಗಾಳಿ, ಮಣ್ಣು ಓದುವವರು? ಅವರು ವಿಶ್ವವಿದ್ಯಾಲಯಗಳ ಪರಿಸರ ವಿಜ್ಞಾನ ವಿಭಾಗಗಳಲ್ಲಿದ್ದಾರೆ, ಮತ್ತು ಆ ವಿಭಾಗಗಳು ಕೆರೂರಿನಿಂದ ಬಹಳ ದೂರ ಇವೆ.

ಆ ವಿಭಾಗಗಳ ಕಾರಿಡಾರು ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ ತೆರನು. ಗೋಡೆಗೆ ಓಜೋನ್ ದಿನದ್ದೋ ಜೌಗುಭೂಮಿ ದಿನದ್ದೋ ಪೋಸ್ಟರು. ಗಾಜಿನ ಕಪಾಟಿನಲ್ಲಿ ಫಾರ್ಮಲಿನ್ ತುಂಬಿದ ಜಾಡಿ. ಮೂಲೆಯಲ್ಲಿ ಕಪ್ಪು ಬಿಳುಪು ಬಣ್ಣ ಬಳಿದ ತಟ್ಟೆ. ಕೆರೆಗೆ ಇಳಿಬಿಟ್ಟು ಎಷ್ಟು ಆಳಕ್ಕೆ ಕಣ್ಣಿಗೆ ಮರೆಯಾಗುತ್ತದೆಂದು ನೋಡಲಿಕ್ಕೆ. ಮುಖ್ಯಸ್ಥರ ಕೋಣೆಯ ಪಕ್ಕದ ಬೋರ್ಡಿನಲ್ಲಿ ಅಧ್ಯಾಪಕರ ಹೆಸರು, ಡಿಗ್ರಿ, ಕೊನೆಯ ಅಂಕಣದಲ್ಲಿ 'ಸಂಶೋಧನಾಸಕ್ತಿ'. ಜಲಮಾಲಿನ್ಯ, ಘನತ್ಯಾಜ್ಯ, ಜೀವವೈವಿಧ್ಯ, ಪರಿಸರ ವಿಷವಿಜ್ಞಾನ, ರಿಮೋಟ್ ಸೆನ್ಸಿಂಗ್. ಮದುವೆ ಆಹ್ವಾನಪತ್ರಿಕೆಯ 'ಸುಖಾಗಮನ ಬಯಸುವವರು' ಹಾಗೆ ಯಾರೂ ಪೂರ್ತಿ ಓದದ ಪಟ್ಟಿ ಅದು. ಓದಿದರೆ ಒಳ್ಳೆಯ ಕಥೆ ಸಿಗುತ್ತದೆ.

ಪರಿಸರ ವಿಜ್ಞಾನವೆಂಬ ವಿಷಯಕ್ಕೆ ನಮ್ಮಲ್ಲಿ ವಯಸ್ಸು ಕಡಿಮೆ. ಮೊದಲ ತಲೆಮಾರಿನ ಅಧ್ಯಾಪಕರು ಆ ವಿಷಯವನ್ನೇ ಓದಿ ಬಂದವರಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದ ಮನೆಗಳಿಂದ ಬಂದವರು. ಹೀಗಾಗಿ ಒಂದೇ ಕೆರೆ ಒಬ್ಬೊಬ್ಬರಿಗೆ ಒಂದೊಂದು ಥರ ಕಂಡಿತು. ಪ್ರಾಣಿಶಾಸ್ತ್ರದವರು ಸೂಕ್ಷ್ಮದರ್ಶಕದಡಿ ಪ್ಲಾಂಕ್ಟನ್ ಎಣಿಸಿದರು, ರಸಾಯನದವರು ಗಡಸುತನ ಅಳೆದರು. ಸಸ್ಯಶಾಸ್ತ್ರದವರು ದಂಡೆಯ ಗಿಡದ ಎಲೆ ಕಿತ್ತು ಅದರೊಳಗಿನ ಸೀಸ, ಸತುವು ಹುಡುಕಿದರು. ಈಗ ಪರಿಸರ ವಿಜ್ಞಾನದಲ್ಲೇ ಎಂಎಸ್ಸಿ, ಪಿಎಚ್‌ಡಿ ಮಾಡಿದ ಎರಡನೆಯ ತಲೆಮಾರು ಬಂದಿದೆ. ಅವರಲ್ಲಿ ಎಷ್ಟೋ ಮಂದಿ ಅತಿಥಿ ಉಪನ್ಯಾಸಕರು. ಅತಿಥಿಗಳ ಆಸಕ್ತಿಗೆ ಬೋರ್ಡಿನಲ್ಲಿ ಅಂಕಣವಿಲ್ಲ.

ಇನ್ನೊಂದು ಸಂಗತಿ. ಆಸಕ್ತಿ ಹುಟ್ಟುವುದು ತಲೆಯಲ್ಲಿ ಎಂದು ನಾವು ತಿಳಿದಿದ್ದೇವೆ; ನನಗಂತೂ ಅದು ಕ್ಯಾಂಪಸ್ಸಿನ ಪಕ್ಕದ ಹಳ್ಳದಲ್ಲಿ ಹುಟ್ಟುತ್ತದೆ ಎನ್ನಿಸುತ್ತದೆ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಗಿ ಶಂಕರಘಟ್ಟದಲ್ಲಿ ನೆಲೆ ಕಂಡಿತು. ಹತ್ತಿರದಲ್ಲೇ ಭದ್ರಾ ಜಲಾಶಯ, ಕೆಳಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ. ಅಲ್ಲಿನ ಪರಿಸರ ವಿಜ್ಞಾನ ವಿಭಾಗದವರು ಭದ್ರೆಯ ನೀರನ್ನೂ ಮಲೆನಾಡಂಚಿನ ಕೆರೆಗಳನ್ನೂ ಹಿಡಿದು ಕೂತರೆ ಆಶ್ಚರ್ಯವೇನು? ಮೈಸೂರಿನ ಮಾನಸಗಂಗೋತ್ರಿಗೆ ಕುಕ್ಕರಹಳ್ಳಿ ಕೆರೆಯೇ ಅಂಗಳ. ಬೆಂಗಳೂರಿನ ಜ್ಞಾನಭಾರತಿಯ ಮಗ್ಗುಲಲ್ಲಿ ವೃಷಭಾವತಿ ನೊರೆಯೆಬ್ಬಿಸಿಕೊಂಡು ಹರಿಯುತ್ತದೆ. ಮೂಗು ಮುಚ್ಚಿಕೊಂಡರೂ ಆಸಕ್ತಿ ತಾನಾಗಿ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ಕಟ್ಟಿದ ಮಾಧವ ಗಾಡ್ಗೀಳರ ಕಣ್ಣು ಮಾತ್ರ ಮೊದಲಿನಿಂದಲೂ ಪಶ್ಚಿಮ ಘಟ್ಟದ ಮೇಲೆಯೇ. ಆದರೆ ಎಲ್ಲರಿಗೂ ಅಷ್ಟು ದೂರ ಜೀಪು ಓಡಿಸುವ ಅನುದಾನ ಸಿಗುವುದಿಲ್ಲ.

ಹಳ್ಳ ದಾಟಿ ಹೋದವರೂ ಇದ್ದಾರೆ. ಕುವೆಂಪು ವಿಶ್ವವಿದ್ಯಾಲಯದ ಇ.ಟಿ. ಪುಟ್ಟಯ್ಯ, ಮುಂದೆ ಗುಲ್ಬರ್ಗ ವಿಶ್ವವಿದ್ಯಾಲಯದ ಕುಲಪತಿಯಾದವರು, ಎಂ.ವಿ. ಅಹಿಪತಿ ಅವರೊಂದಿಗೆ ವೃಷಭಾವತಿಯ ಪರಿಸರ ಲಕ್ಷಣಗಳ ಮೇಲೆ ಬರೆದ ಪ್ರಬಂಧ 2006ರಲ್ಲಿ ಪ್ರಕಟವಾಯಿತು. ಶಂಕರಘಟ್ಟದ ಹೆಸರಿನಲ್ಲಿ ಬೆಂಗಳೂರಿನ ಗಟಾರದ ವಿಚಾರಣೆ! ಇಂಥ ಉದಾಹರಣೆ ಇನ್ನಷ್ಟು ಇದ್ದರೆ ನನ್ನ ತಕರಾರು ಮುಗಿಯುತ್ತದೆ.

ಕೆರೂರಿನ ಕಡೆಯ ವಿದ್ಯಾಕೇಂದ್ರವೆಂದರೆ ಧಾರವಾಡ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಸಿ.ಎಸ್. ಹುಣಶ್ಯಾಳ ಅವರು ಬ್ರಿಟನ್ನಿನ ಆಂಡ್ರ್ಯೂ ಬ್ರಾಡ್‌ಫರ್ಡ್, ರಾಬರ್ಟ್ ಬ್ರೂಕ್ ಜೊತೆ ಸೇರಿ ಮಾಡಿದ ಕೆಲಸ ನನಗೆ ಈ ಇಡೀ ಶಾಸ್ತ್ರದಲ್ಲೇ ಮೆಚ್ಚಿಕೆಯದು. ಹುಬ್ಬಳ್ಳಿ-ಧಾರವಾಡದ ಚರಂಡಿ ನೀರು ನಾಲಾ ಹಿಡಿದು ಊರ ಹೊರಗೆ ಹರಿಯುತ್ತದೆ. ರೈತರು ಅದಕ್ಕೆ ಪಂಪು ಹಚ್ಚಿ ಹೊಲಕ್ಕೆ ಹಾಯಿಸುತ್ತಾರೆ. ಬೇಸಿಗೆಯಲ್ಲೂ ಬತ್ತದ ನೀರು, ಗೊಬ್ಬರ ಅದರಲ್ಲೇ ಬೆರೆತು ಬರುತ್ತದೆ. ಊರಿಗೆ ಹತ್ತಿರ ವರ್ಷವಿಡೀ ತರಕಾರಿ, ನಂತರ ಹೊಲದ ಬೆಳೆಯ ನಡುವೆ ತರಕಾರಿ, ಇನ್ನೂ ದೂರ ಹೋದರೆ ಗಿಡಮರದೊಂದಿಗಿನ ಬೇಸಾಯ: ಹೀಗೆ ಕೊಳಚೆ ನೀರೇ ಮೂರು ಬಗೆಯ ಒಕ್ಕಲುತನ ಕಟ್ಟಿದ್ದನ್ನು ಅವರು 2003ರಲ್ಲಿ ಬರೆದರು. ಬದುಕೂ ರೋಗದ ಭಯವೂ ಅದೇ ನೀರಿನಲ್ಲಿವೆ ಎಂಬುದನ್ನು ಬಚ್ಚಿಡಲಿಲ್ಲ. ಪಿಎಚ್ ಇಷ್ಟು, ಕ್ಲೋರೈಡ್ ಇಷ್ಟು ಎಂದು ಕೋಷ್ಟಕ ಹಾಕಿ ಎದ್ದುಹೋಗದೆ, ಪಂಪು ಹಚ್ಚಿದವನ ಜೊತೆ ಕೂತು ಮಾತಾಡಿದ ಕೆಲಸ ಅದು.

ಒಣನೆಲದ ವಿಷಯಕ್ಕೆ ಬಂದರೆ, ವಿಭಾಗಗಳಿಗೆ ಈ ಹೆಸರು ಬರುವ ಎಷ್ಟೋ ಮೊದಲೇ, 1930ರ ದಶಕದಲ್ಲಿ, ಸೋಲಾಪುರ, ವಿಜಯಪುರ, ಹಗರಿ, ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ಮಳೆ ನೀರು ಹೊಲದಲ್ಲೇ ಇಂಗಲೆಂದು ಚೌಕುಮಡಿ ಮಾಡುವುದನ್ನು ವಿಜಯಪುರದವರು ಈಗಲೂ ಹೇಳುತ್ತಾರೆ. ಅವರನ್ನು ಯಾರೂ ಪರಿಸರ ವಿಜ್ಞಾನಿಗಳೆಂದು ಕರೆಯಲಿಲ್ಲ.

ಈಗ ಕೆರೂರಿಗೇ ಬರೋಣ. ಏಪ್ರಿಲ್ ಮಧ್ಯಾಹ್ನ, ಊರ ಹೊರಗಿನ ಒಂದು ಹೊಲ. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬೆನ್ನಚೀಲದಿಂದ ಪ್ಲಾಸ್ಟಿಕ್ ಬಾಟಲಿ ತೆಗೆಯುತ್ತಾಳೆ. ಬಾವಿಯ ನೀರಿನಿಂದಲೇ ಮೂರು ಸಲ ತೊಳೆದು, ಗಾಳಿ ಉಳಿಯದ ಹಾಗೆ ತುಂಬಿ, ಮುಚ್ಚಳ ತಿರುವಿ, ಪಟ್ಟಿ ಅಂಟಿಸಿ ಬರೆಯುತ್ತಾಳೆ: ಎಸ್-7. ಥೀಸಿಸ್ಸಿನಲ್ಲಿ ಊರುಗಳಿಗೆ ಇರುವ ಹೆಸರು ಅದು. ಇನ್ನೊಂದು ಗಾಜಿನ ಸೀಸೆಗೆ ಎರಡು ದ್ರಾವಣ ಹನಿಸುತ್ತಾಳೆ. ನೀರಿನಲ್ಲಿ ಕಂದು ಬಣ್ಣದ ಮೋಡ ಇಳಿಯುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಅಲ್ಲಿಗೆ ಬಂಧಿ. ಬದುವಿನ ಮೇಲೆ ಕುಳಿತ ಮುದುಕಿ ಇದನ್ನೆಲ್ಲ ನೋಡುತ್ತಿದ್ದಾಳೆ.

"ಏನ್ ಹಾಕಿದೀ ತಂಗೀ, ಔಷಧಾ ಏನು?"

"ಔಷಧ ಅಲ್ಲ ಯವ್ವಾ, ನೀರ ಪರೀಕ್ಷಾ ಮಾಡಾಕ."

"ಪರೀಕ್ಷಾದಾಗ ಏನ ಗೊತ್ತಾಗೂದೈತಿ? ಬ್ಯಾಳಿ ಬೇಯೂದುಲ್ಲ, ಸಬಕಾರ ನೊರಿ ಬರೂದುಲ್ಲ. ಅಷ್ಟ ಬರಕೋ."

ಮುದುಕಿ ಹೇಳಿದ್ದು ಗಡಸುತನದ ವ್ಯಾಖ್ಯೆಯೇ. ಪ್ರಯೋಗಾಲಯದಲ್ಲಿ ಅದೇ ನೀರಿಗೆ ಸೂಚಕ ಹಾಕಿದರೆ ದ್ರಾಕ್ಷಿರಸದ ಕೆಂಪು. ಬ್ಯುರೆಟ್ಟಿನಿಂದ ಇಡಿಟಿಎ ಹನಿಹನಿಯಾಗಿ ಬೀಳುತ್ತ ಒಂದು ಗಳಿಗೆಗೆ ಥಟ್ಟನೆ ನೀಲಿ. ಆ ನೀಲಿಗೆ ತಲುಪಲು ಎಷ್ಟು ಹನಿ ಬೇಕಾಯಿತೋ ಅಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ. ಬಾಗಲಕೋಟೆ, ಲೋಕಾಪುರದ ಸುಣ್ಣಕಲ್ಲಿನ ಪಟ್ಟಿಯಲ್ಲಿ, ಸಿಮೆಂಟ್ ಕಾರ್ಖಾನೆಗಳನ್ನು ಕರೆಸಿಕೊಂಡ ಅದೇ ಕಲ್ಲು ಬಾವಿಯ ನೀರಿಗೂ ಇಳಿಯುತ್ತದೆ. ಮರಳುಗಲ್ಲಿನ ಗುಡ್ಡಗಳ ಕಥೆ ಬೇರೆ. ಗಟ್ಟಿ ಕಲ್ಲು, ನೀರು ನಿಲ್ಲುವುದೆಲ್ಲ ಬಿರುಕುಗಳಲ್ಲಿ. ಬಿರುಕು ಸಿಕ್ಕವನಿಗೆ ಬೋರು ಹತ್ತಿತು, ಸಿಗದವನಿಗೆ ಸಾಲ ಹತ್ತಿತು. ಅಂಥ ಬಿರುಕೇ ಮಹಾಕೂಟದಲ್ಲಿ ಪುಷ್ಕರಿಣಿಯನ್ನು ವರ್ಷವಿಡೀ ತುಂಬಿಸುತ್ತದೆ.

ಪೂರ್ವಕ್ಕೆ ಹುನಗುಂದ, ಇಳಕಲ್ಲಿನ ಕಡೆ ಹೋದಂತೆ ಮರಳುಗಲ್ಲು ಮುಗಿದು ಗ್ರಾನೈಟು. ಸೀರೆಗೆ ಹೆಸರಾದ ಇಳಕಲ್ಲು ಹೊರದೇಶಗಳಿಗೆ ಕೆಂಪು ಕಲ್ಲನ್ನೂ ಕಳಿಸುತ್ತದೆ. ಗ್ರಾನೈಟಿನೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮಳೆ ಕಡಿಮೆಯಾದ ನಾಡಿನಲ್ಲಿ ಆಳದ ನೀರು ಕಲ್ಲಿನ ಸಹವಾಸದಲ್ಲಿ ಹೆಚ್ಚು ಕಾಲ ಇದ್ದಷ್ಟೂ ಅದು ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ದಾರಿಯಿಲ್ಲದಿದ್ದರೆ 1.5ರ ತನಕ ಎನ್ನುತ್ತದೆ ಭಾರತೀಯ ಮಾನಕ. ಆಚೆಗೆ ಹೋದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಳು ಹೋದಂತೆ ಮೂಳೆ ಬಾಗುತ್ತದೆ. ಇದಕ್ಕೂ ಒಂದು ಕೆಂಪು ಬಣ್ಣದ ಪರೀಕ್ಷೆ ಇದೆ; ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಮಾಸುತ್ತದೆ. ಒಂದೇ ಜಿಲ್ಲೆಯಲ್ಲಿ ಬೇಳೆ ಬೇಯದ ನೀರು ಒಂದು ಕಡೆ, ಹಲ್ಲು ಕೆಡಿಸುವ ನೀರು ಇನ್ನೊಂದು ಕಡೆ. ತಾಲೂಕಿನ ಗೆರೆಯ ಬದಲು ಕಲ್ಲಿನ ಗೆರೆ ಹಿಡಿದು ನಕ್ಷೆ ಬರೆಯುವವರಿಗೆ ಇಲ್ಲಿ ಒಂದು ಜೀವಮಾನದ ಕೆಲಸವಿದೆ.

ನಾವು ಅಳೆಯುವ ಅಳತೆಗಳೂ ಹೊರಗಿನಿಂದ ಬಂದವೇ. ಕೊಳಚೆ ಎಷ್ಟು ಆಮ್ಲಜನಕ ತಿನ್ನುತ್ತದೆಂದು ನೋಡುವ ಬಿಒಡಿ ಪರೀಕ್ಷೆಗೆ ಐದು ದಿನ ಎಂಬ ಲೆಕ್ಕ ಇಂಗ್ಲೆಂಡಿನದು. ಅಲ್ಲಿನ ಯಾವ ನದಿಯೂ ಸಮುದ್ರ ಸೇರಲು ಅದಕ್ಕಿಂತ ಹೆಚ್ಚು ದಿನ ತೆಗೆದುಕೊಳ್ಳುವುದಿಲ್ಲ ಎಂಬ ಲೆಕ್ಕವಂತೆ. ನಮ್ಮ ಮಾನಕದವರು ಅದನ್ನು 27 ಡಿಗ್ರಿಯಲ್ಲಿ ಮೂರು ದಿನಕ್ಕೆ ಇಳಿಸಿದರು, ಒಳ್ಳೆಯದಾಯಿತು. ಆದರೂ ಕೆರೂರಿನ ಏಪ್ರಿಲ್ಲಿನಲ್ಲಿ 27 ಡಿಗ್ರಿ ಎಂದರೆ ಬೆಳಗಿನ ಜಾವ.

ಪರಿಸರ ಪಾಠಕ್ಕೇನೂ ಕೊರತೆಯಿಲ್ಲ. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಆದೇಶ ಕೊಟ್ಟು, ಮತ್ತೆ 2003ರಲ್ಲಿ ಕಿವಿ ಹಿಂಡಿದ ಮೇಲೆ, ಡಿಗ್ರಿ ಓದುವವರಿಗೆಲ್ಲ ಪರಿಸರ ಅಧ್ಯಯನ ಕಡ್ಡಾಯವಾಯಿತು. ಕೆರೂರಿನ ಹುಡುಗರು ಬಾದಾಮಿಗೋ ಬಾಗಲಕೋಟೆಗೋ ಹೋಗಿ ಬಿಎ, ಬಿಕಾಂ ಓದುವಾಗಲೂ ಆ ಪೇಪರು ಬರೆಯುತ್ತಾರೆ. ಪಾಠ ಮಾಡುವವರು ಅನೇಕ ಕಡೆ ಆ ವಾರ ಅವಧಿ ಕಡಿಮೆಯಿದ್ದ ಅಧ್ಯಾಪಕರು. ಅಮೆಜಾನ್ ಕಾಡು, ಭೋಪಾಲ್ ಅನಿಲ, ಚಿಪ್ಕೊ ಎಲ್ಲ ಬರುತ್ತವೆ. ಚಿಂಕಾರಗಳಿಗೆಂದೇ ಇದೇ ಜಿಲ್ಲೆಯಲ್ಲಿ ಯಡಹಳ್ಳಿ ವನ್ಯಧಾಮ ಇರುವುದು ಗೈಡಿನಲ್ಲಿ ಇಲ್ಲ.

ಬಾಗಲಕೋಟೆಗೂ ಈಗ ತನ್ನದೇ ವಿಶ್ವವಿದ್ಯಾಲಯವಿದೆ, ಜಮಖಂಡಿಯಲ್ಲಿ. ಹೊಸದಾಗಿ ಹುಟ್ಟಿದ ಕೆಲವು ವಿಶ್ವವಿದ್ಯಾಲಯಗಳ ಜೊತೆ ಅದನ್ನೂ ಮುಚ್ಚುವ ಮಾತು 2025ರಲ್ಲಿ ಎದ್ದು ಜಿಲ್ಲೆಯಲ್ಲಿ ಸಿಟ್ಟು ಹುಟ್ಟಿಸಿತ್ತು. ಅಲ್ಲೊಂದು ದಿನ ಪರಿಸರ ವಿಜ್ಞಾನದ ಬೋರ್ಡು ಎದ್ದರೆ ಕೊನೆಯ ಅಂಕಣ ತುಂಬಿಸುವುದು ಕಷ್ಟವಲ್ಲ. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯನ್ನು ನುಂಗುತ್ತ ಬಂದಿದೆ. ಸಕ್ಕರೆ ಕಾರ್ಖಾನೆಗಳಿವೆ, ಇಳಕಲ್ಲಿನ ಕಲ್ಲುಗಣಿಯ ದೂಳಿದೆ. ಕೆರೂರ ಏತ ನೀರಾವರಿ ಯೋಜನೆ ಈ ಕಡೆಯ ಒಣಹೊಲಗಳಿಗೆ ಕೃಷ್ಣೆಯ ನೀರಿನ ಆಸೆ ತೋರಿಸಿದೆ. ಮಲಪ್ರಭೆ, ಘಟಪ್ರಭೆಯ ಕಾಲುವೆ ಹಾಯ್ದ ಎರಿಹೊಲಗಳು ಎಷ್ಟು ಕಡೆ ಸವುಳು-ಜವುಳಾಗಿ ಬೆಳ್ಳಗೆ ಉಪ್ಪುಗಟ್ಟಿ ಕೂತಿವೆ ಎಂಬುದನ್ನು ಕಂಡವರು, ಇಲ್ಲಿ ಕಾಲುವೆ ಬರುವ ಮೊದಲೇ ಮಣ್ಣಿನ ಉಪ್ಪು ಅಳೆದು ಬರೆದಿಡಬೇಕು. ನೀರು ಬಂದ ಮೇಲೆ ಅಳೆದರೆ ಮೊದಲು ಎಷ್ಟಿತ್ತು ಎಂದು ಯಾರನ್ನು ಕೇಳುವುದು?

ಸದ್ಯಕ್ಕೆ ಊರಿನ ಉತ್ತರ ಶುದ್ಧ ನೀರಿನ ಘಟಕ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಸೈಕಲ್ಲಿಗೆ, ಬೈಕಿಗೆ ಕ್ಯಾನು ತೂಗುಹಾಕಿಕೊಂಡು ಜನ ಬರುತ್ತಲೇ ಇರುತ್ತಾರೆ. ಆ ಯಂತ್ರ ಒಂದು ಪಾಲು ನೀರನ್ನು ಶುದ್ಧ ಮಾಡುವಾಗ ಇನ್ನೊಂದು ಪಾಲನ್ನು ಹೊರಗೆ ಒಗೆಯುತ್ತದೆ. ತೆಗೆದ ಉಪ್ಪೆಲ್ಲ ಆ ಒಗೆದ ನೀರಿನಲ್ಲಿ. ಅದು ಹಿಂದಿನ ಪೈಪಿನಿಂದ ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ. ಮೇಲುಗಡೆ ಕ್ಯಾನಿಗೆ ಹಿಡಿದ ನೀರಿನ ಲೆಕ್ಕ ಎಲ್ಲರ ಬಳಿಯೂ ಇದೆ. ಹಿಂದಿನ ಪೈಪಿನ ನೀರು ವರ್ಷಕ್ಕೆ ಎಷ್ಟು ಉಪ್ಪನ್ನು ಯಾರ ಬಾವಿಯ ಕಡೆ ಒಯ್ಯುತ್ತಿದೆ ಎಂದು ನೋಡಲು ದೊಡ್ಡ ಉಪಕರಣ ಬೇಡ. ಟಿಡಿಎಸ್ ಮೀಟರು, ನಾಲ್ಕು ಬಾಟಲಿ, ಜಮಖಂಡಿಯಿಂದ ಕೆರೂರಿಗೆ ಬಸ್ ಚಾರ್ಜು, ಮತ್ತು ಫಲಿತಾಂಶದ ಒಂದು ಪ್ರತಿಯನ್ನು ಎಸ್-7ರ ಮುದುಕಿಗೆ ಓದಿ ಹೇಳುವಷ್ಟು ಪುರಸೊತ್ತು ಸಾಕು.