ಕದ ಕಾಯ್ದವನ ಮೇಲಣ ಭಾರ

ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವ ಹೈದರಾಬಾದಿನ ಕಾಚಿಗೂಡದಲ್ಲಿ, ಕಲಬುರ್ಗಿ, ರಾಯಚೂರು, ಬೀದರಗಳ ಕಡೆಯಿಂದ ಬಂದು ನೆಲಸಿದ ಕನ್ನಡ ಮನೆತನಗಳ ಹಿರಿಯರು ಎರಡು ದಂಡಸಂಹಿತೆಗಳ ಕೆಳಗೆ ಬಾಳಿದವರು: ನಿಜಾಮ ಸಂಸ್ಥಾನದ್ದು ಮೊದಲನೆಯದು, 1951ರ ಏಪ್ರಿಲ್ 1ರಂದು ಹೈದರಾಬಾದಿಗೂ ವ್ಯಾಪಿಸಿದ ಭಾರತೀಯ ದಂಡಸಂಹಿತೆ ಎರಡನೆಯದು. ಇರುಳಿನಲ್ಲಿ ಕದ ಮುರಿದು ಒಳನುಗ್ಗಿದವನನ್ನು ಹೊಡೆಯಬಹುದೇ ಎಂಬ ಪ್ರಶ್ನೆಗೆ ಈ ಎರಡನೆಯದು ಕೊಟ್ಟ ಉತ್ತರದ ಬೇರು 1837ರಲ್ಲಿದೆ.

ಆ ವರ್ಷ ಈ ಸಂಹಿತೆಯ ಕರಡನ್ನು ಒಪ್ಪಿಸಿದ ಮೆಕಾಲೆಯ ಕಾನೂನು ಆಯೋಗವು, ಈ ದೇಶದ ಜನ ದರೋಡೆಕೋರರ ಹಾವಳಿಯನ್ನು ಎದುರಿಸದೆ ಸಹಿಸುವರೆಂದೂ, ಆದಕಾರಣ ಆತ್ಮರಕ್ಷಣೆಗೆ ಕಟ್ಟುಗಳನ್ನು ಹೆಚ್ಚಿಸುವುದಕ್ಕಿಂತ ಅವರಲ್ಲಿ ಪೌರುಷವನ್ನು ಎಚ್ಚರಿಸುವುದೇ ಲೇಸೆಂದೂ ಬರೆಯಿತು. ಆಳುವವರ ಅಹಂಕಾರ ಆ ಮಾತಿನಲ್ಲಿ ಇಲ್ಲದಿಲ್ಲ. ಆದರೂ ಅದರಿಂದ ಹುಟ್ಟಿದ ವಿಧಿ ಉದಾರವಾದುದೆಂದೇ ನನ್ನ ಮತ. 1860ರ ಸಂಹಿತೆಯ 96ರಿಂದ 106ರ ವರೆಗಿನ ಕಲಮುಗಳು ದರೋಡೆ, ರಾತ್ರಿಯ ಕನ್ನಗಳವುಗಳ ಸಂದರ್ಭದಲ್ಲಿ ಆಕ್ರಮಣಕಾರನ ಪ್ರಾಣಹರಣಕ್ಕೂ ಎಡೆಗೊಟ್ಟವು. 2024ರ ಜುಲೈ 1ರಿಂದ ಅವೇ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಮುಗಳಾಗಿವೆ.

ಗಡಿಯೂ ಅಲ್ಲಿಯೇ ಇದೆ. ಪೊಲೀಸರ ಆಶ್ರಯ ಪಡೆಯಲು ವೇಳೆಯಿದ್ದರೆ ಹಕ್ಕಿಲ್ಲ; ಅಗತ್ಯವನ್ನು ಮೀರಿದ ಹಾನಿ ಸಲ್ಲದು. 2024ರ ಮಾರ್ಚಿನಲ್ಲಿ ಇದೇ ನಗರದ ಬೇಗಂಪೇಟೆಯಲ್ಲಿ, ಆಯುಧ ಹಿಡಿದು ಮನೆಹೊಕ್ಕ ಇಬ್ಬರನ್ನು ತಾಯಿ ಮಗಳಿಬ್ಬರೇ ಎದುರಿಸಿ ಹಿಮ್ಮೆಟ್ಟಿಸಿದಾಗ ಪೊಲೀಸರು ಅವರನ್ನು ಸನ್ಮಾನಿಸಿದರು. ಇಂಥದೇ ಪ್ರಸಂಗದಲ್ಲಿ, ಬರಿಗೈಯಲ್ಲಿ ಬೀದಿಗೆ ಓಡಿದವನ ಬೆನ್ನಟ್ಟಿ ಯಾರಾದರೂ ಹೊಡೆದು ಅವನು ಸತ್ತನೆಂದರೆ, ಭಯದೊಡನೆ ಹಕ್ಕೂ ಮುಗಿದಿರುವುದರಿಂದ, ಹೊಡೆದವರೇ ಆಪಾದಿತರಾಗುವರು.

ಅಲ್ಲಿಂದ ಮುಂದೆ 1872ರ ಸಾಕ್ಷ್ಯ ಅಧಿನಿಯಮದ 105ನೆಯ ಕಲಮು, ಈಗಿನ ಸಾಕ್ಷ್ಯ ಕಾನೂನಿನ 108ನೆಯದು, ಆತ್ಮರಕ್ಷಣೆಯನ್ನು ತೋರಿಸಿಕೊಡುವ ಹೊಣೆಯನ್ನು ಆಪಾದಿತನ ಹೆಗಲಿಗೇರಿಸುತ್ತದೆ. ಸಂಶಯಕ್ಕೆಡೆಯಿಲ್ಲದಂತೆ ರುಜುವಾತು ಬೇಕಿಲ್ಲ, ಸಂಭವನೀಯತೆ ಸಾಕೆಂದು ಸುಪ್ರೀಂ ಕೋರ್ಟು ಮುನ್ಶಿರಾಮ್ ಮೊಕದ್ದಮೆಯಲ್ಲಿ ಹೇಳಿ ಆ ಭಾರವನ್ನು ತಗ್ಗಿಸಿತು. ಜೀವಭಯದಲ್ಲಿರುವವನು ತನ್ನ ಪೆಟ್ಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಲಾರನೆಂಬುದನ್ನೂ ಮತ್ತೆ ಮತ್ತೆ ಮನ್ನಿಸಿತು. ಆದರೆ ಆ ಕರುಣೆ ಕಟ್ಟಕಡೆಯ ಕಟ್ಟೆಯಲ್ಲಿ ಕುಳಿತಿದೆ; ಅಲ್ಲಿಗೆ ಏರುವ ಮುನ್ನ ಬಂಧನ, ಜಾಮೀನು, ವಕೀಲರ ಖರ್ಚು, ಊರವರ ಶಂಕೆಗಳೆಲ್ಲವನ್ನೂ ಮನೆಮಂದಿ ಹೊರಬೇಕು. ನನ್ನನ್ನು ಕಾಡುವುದು ಇದೇ. ಪಂಜಾಬಿನ ದರ್ಶನ್ ಸಿಂಗ್ ಹೊಲದ ಜಗಳದಲ್ಲಿ ತಂದೆಯ ಮೇಲೆ ಹಲ್ಲೆ ನಡೆದಾಗ ಗುಂಡು ಹಾರಿಸಿದ್ದು 1991ರ ಜುಲೈಯಲ್ಲಿ. ಕೆಳಗಿನ ನ್ಯಾಯಾಲಯ ಬಿಡುಗಡೆ ಮಾಡಿತು, ಹೈಕೋರ್ಟು ಶಿಕ್ಷೆ ವಿಧಿಸಿತು, ಅದು ಆತ್ಮರಕ್ಷಣೆಯೇ ಹೌದೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2010ರ ಜನವರಿಯಲ್ಲಿ.