ಅಂಗಡಿಯ ಬಣ್ಣ, ಅಂಗಳದ ಬಣ್ಣ

ಅಕ್ಕನ ಮದುವೆಗೆಂದು ಕಂದುಗೆಂಪು ಸೀರೆಯೊಂದನ್ನು ಕೊಂಡೆವು. ಅಂಗಡಿಯ ಟ್ಯೂಬ್‌ಲೈಟಿನಡಿ ಹಿಡಿದು ನೋಡಿದಾಗ ಸೀರೆಯೂ ರವಿಕೆಯ ಕಣವೂ ಒಂದೇ ಬಣ್ಣ. ಮರುದಿನ ಅಂಗಳದಲ್ಲಿ ಬಿಚ್ಚಿದರೆ, ಕಣ ಮಾಸಿದ ಕಂದುಬಣ್ಣ! “ಅಂಗಡಿಯವನು ಬದಲಾಯಿಸಿ ಕಟ್ಟಿದ್ದಾನೆ” ಎಂದು ಅಮ್ಮ ಸಿಡಿಮಿಡಿಗೊಂಡರು. ಪಾಪ, ಆತ ಏನೂ ಮಾಡಿರಲಿಲ್ಲ.

ಬಣ್ಣವೆಂಬುದು ಬಟ್ಟೆಗೇ ಅಂಟಿಕೊಂಡ ಗುಣವೆಂದು ನಾವು ತಿಳಿಯುತ್ತೇವೆ. ಆದರೆ ಬಟ್ಟೆ ಮಾಡುವುದಿಷ್ಟೇ: ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ಕಿರಣಗಳನ್ನು ಹೀರಿ, ಉಳಿದುದನ್ನು ಹಿಂದಿರುಗಿಸುವುದು. ಬಾರದ ಕಿರಣವನ್ನು ಅದು ಎಲ್ಲಿಂದ ಹಿಂದಿರುಗಿಸೀತು? ಬಿಸಿಲಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಎಲ್ಲ ಕಿರಣಗಳೂ ಎಡೆಬಿಡದೆ ಇವೆ. ಟ್ಯೂಬ್‌ಲೈಟಿನಲ್ಲಿ ಕೆಲವು ವಿಪರೀತ, ಕೆಲವು ಅತ್ಯಲ್ಪ. ಈಗಿನ ಎಲ್‌ಇಡಿ ದೀಪಗಳಲ್ಲಿಯೂ ಅಗ್ಗದವುಗಳಲ್ಲಿ ಕೆಂಪಿಗೆ ಬಡತನ.

ಇದರ ಕೊನೆಯ ಮಜಲನ್ನು ನೋಡಿದ್ದು ಗೆಳೆಯನ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ. (ನಮ್ಮದು ಕಲಾ ಕಾಲೇಜು, ಅಂಥ ಭಾಗ್ಯ ನಮಗಿಲ್ಲ.) ಅಲ್ಲಿಯ ಸೋಡಿಯಂ ದೀಪದಿಂದ ಬರುವುದು ಬಹುಮಟ್ಟಿಗೆ ಒಂದೇ ಹಳದಿ, ತರಂಗಾಂತರ ಸುಮಾರು 589 ನ್ಯಾನೊಮೀಟರ್. ಅದರಡಿ ಕುಂಕುಮ ಕಪ್ಪಿಟ್ಟಿತು. ಅರಿಶಿನ ಯಾವುದು, ಅಕ್ಕಿಹಿಟ್ಟು ಯಾವುದು ತಿಳಿಯಲಿಲ್ಲ. ನಮ್ಮ ಮುಖಗಳೋ, ಹೇಳುವಂತಿರಲಿಲ್ಲ!

ಸರಿ, ಎರಡು ಬಟ್ಟೆಗಳು ಒಂದು ದೀಪದಡಿ ಒಂದಾಗಿ, ಇನ್ನೊಂದರಡಿ ಬೇರೆಯಾಗುವುದೇಕೆ? ನಮ್ಮ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರೇ ಬಗೆ. ಆ ಮೂರರ ವರದಿಯಷ್ಟೇ ಮಿದುಳಿಗೆ ಆಧಾರ. ಸೀರೆಗೂ ಕಣಕ್ಕೂ ಹಾಕಿದ ಬಣ್ಣದ ಪುಡಿಗಳು ಬೇರೆ, ಅವು ಹೀರುವ ಕಿರಣಗಳೂ ಬೇರೆ. ಆದರೂ ಒಂದು ದೀಪದಡಿ ಮೂರು ವರದಿಗಳೂ ಸರಿಹೊಂದಿದರೆ ಕಣ್ಣು ಎರಡನ್ನೂ ಒಂದೆನ್ನುತ್ತದೆ. ದೀಪ ಬದಲಾದರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ಮೆಟಮೆರಿಸಂ ಎಂದು ಹೆಸರು.

ದೀಪಗಳ ಈ ಗುಣವನ್ನು ಅಳೆಯಲು ಅಂತರರಾಷ್ಟ್ರೀಯ ಬೆಳಕಿನ ಆಯೋಗ 1965ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿತು. ಅದರಲ್ಲಿ ಪೂರ್ಣಾಂಕ 100. ಹಳೆಯ ತಂತಿಬಲ್ಬಿಗೆ ಹೆಚ್ಚುಕಡಿಮೆ ಪೂರ್ಣಾಂಕವೇ ದೊರೆಯುತ್ತದೆ. ಆದರೆ ಸಾಮಾನ್ಯವಾಗಿ ಹೇಳುವ ಅಂಕವು ಎಂಟು ತಿಳಿಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಆದುದರಿಂದ 80 ಅಂಕ ಪಡೆದ ದೀಪವೂ ಕುಂಕುಮದ ಬಣ್ಣವನ್ನು ಕೆಡಿಸಬಹುದು. ಸೀರೆ ಕೊಳ್ಳುವವರ ದೃಷ್ಟಿಯಿಂದ ಇದೊಂದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಕಣವನ್ನು ಹಿಂದಕ್ಕೊಯ್ದೆವು. ಅಂಗಡಿಯವನು ತಕರಾರಿಲ್ಲದೆ ನಾಲ್ಕಾರು ತುಂಡುಗಳನ್ನು ಹೊರಬಾಗಿಲಿಗೆ ತಂದು, ಬಿಸಿಲಿನಲ್ಲಿ ಸೀರೆಗೆ ಹಿಡಿದು ಒಂದನ್ನು ಆರಿಸಿಕೊಟ್ಟ. ಅಮ್ಮನಿಗೆ ಸಮಾಧಾನವಾಯಿತು. ಮುಹೂರ್ತ ನಡೆದದ್ದು ಮಾತ್ರ ಛತ್ರದೊಳಗೆ, ಟ್ಯೂಬ್‌ಲೈಟಿನ ಕೆಳಗೆ. “ಕಣ ಸ್ವಲ್ಪ ಬೇರೆಯಾಯಿತಲ್ಲೇ?” ಎಂದರು ಸೋದರತ್ತೆ.